ನಾಮಫಲಕಕ್ಕೂ ಮೊದಲು ಪಾಠದ ಗಂಟೆ ಎಣಿಸಿ

ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಗಿದ್ದು 2023ರಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಇಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಉಳಿಸಿ ಮಿಕ್ಕವನ್ನು ಮುಚ್ಚಬೇಕೆಂದು ಶಿಫಾರಸು ಮಾಡಿತು. ಉಳಿಸಿ ಎಂದವರೂ ಇದ್ದರು, ಮುಚ್ಚಿ ಎಂದವರೂ ಇದ್ದರು. ವಾದವೆಲ್ಲ ವಿಶ್ವವಿದ್ಯಾಲಯ ಇರಬೇಕೋ ಬೇಡವೋ ಎಂಬಲ್ಲೇ ಸುತ್ತಿತು. ಮುಧೋಳದ ಹುಡುಗಿಗೆ 2030ರಲ್ಲಿ ಭೌತಶಾಸ್ತ್ರ ಕಲಿಸುವವರು ಯಾರು, ಅವರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬ ಪ್ರಶ್ನೆ ಎರಡೂ ಕಡೆಯಿಂದ ಬರಲಿಲ್ಲ.

ರಾಜ್ಯದ ಸಾರ್ವಜನಿಕ ಉನ್ನತ ಶಿಕ್ಷಣಕ್ಕೆ ಹತ್ತು ವರ್ಷದ ಯೋಜನೆ ಮಾಡುವುದಿದ್ದರೆ ಅದನ್ನು ಕೆಳಗಿನಿಂದ ಕಟ್ಟಬೇಕು: ತಾಲ್ಲೂಕಿನಿಂದ, ತರಗತಿಯಿಂದ, ವಾರದ ಪಾಠದ ಗಂಟೆಯಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೇ ಮುಂದಿಟ್ಟುಕೊಂಡು ಆ ಲೆಕ್ಕ ಹೇಗೆ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂದು ನೋಡೋಣ.

ಮೊದಲ ಕೆಲಸ, ಬರುವ ವಿದ್ಯಾರ್ಥಿಗಳನ್ನು ಅಂದಾಜು ಮಾಡುವುದು. ಇದಕ್ಕೆ ಜನಗಣತಿಯ ದಾರಿ ಕಾಯಬೇಕಾಗಿಲ್ಲ. ಇವತ್ತು ಎಂಟನೇ ತರಗತಿಯಲ್ಲಿರುವ ಮಗು ಎಲ್ಲೂ ನಿಲ್ಲದೆ ಓದಿದರೆ ಐದು ವರ್ಷಕ್ಕೆ ಪದವಿಯ ಮೊದಲ ಸೆಮಿಸ್ಟರಿಗೆ ಬರುತ್ತದೆ. ಆ ಸಂಖ್ಯೆ ಶಾಲಾ ಶಿಕ್ಷಣ ಇಲಾಖೆಯ ಯು-ಡೈಸ್ ದಾಖಲೆಯಲ್ಲಿ ಶಾಲೆವಾರು ಇದೆ. ಲೆಕ್ಕದ ರೀತಿ ತಿಳಿಯಲೆಂದು ಒಂದು ಕಾಲ್ಪನಿಕ ತಾಲ್ಲೂಕು ತೆಗೆದುಕೊಳ್ಳಿ. ಎಂಟನೇ ತರಗತಿಯಲ್ಲಿ 4,000 ಮಕ್ಕಳು. ಎಸ್ಸೆಸ್ಸೆಲ್ಸಿ ಬರೆಯುವವರು 3,600. ಪಿಯುಸಿ ಸೇರುವವರು 2,600. ಪಿಯುಸಿ ಪಾಸಾಗುವವರು 1,900. ಅದರಲ್ಲಿ ಬಿಎ, ಬಿಕಾಂ, ಬಿಎಸ್ಸಿ, ಬಿಸಿಎಗೆ ಬರುವವರು 1,200. ಪಿಯು ಪಾಸಾಗುವವರು 2,200ಕ್ಕೆ ಏರಿದರೆ ಅದೇ ಅನುಪಾತದಲ್ಲಿ ಪದವಿಗೆ ಸುಮಾರು 1,390 ಮಂದಿ ಬರುತ್ತಾರೆ. 190 ಹೆಚ್ಚುವರಿ ವಿದ್ಯಾರ್ಥಿಗಳೆಂದರೆ ಅರವತ್ತರಂತೆ ಮೂರು ಸೆಕ್ಷನ್, ಮೂರು ಕೋಣೆ, ಮೂರನೇ ವರ್ಷದ ಹೊತ್ತಿಗೆ ಒಂಬತ್ತು ಕೋಣೆ.

ಇಲ್ಲಿ ಎಡವುವುದು ಒಂದೇ ವರ್ಷದ ಫಲಿತಾಂಶ ನಂಬಿದಾಗ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು; ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. 2023ರ ಅಂಕಿಯ ಮೇಲೆ ಕಾಲೇಜು ಮಂಜೂರು ಮಾಡಿದರೆ ಬೆಂಚು ಖಾಲಿ. 2024ರ ಅಂಕಿಯ ಮೇಲೆ ಸೆಕ್ಷನ್ ಮುಚ್ಚಿದರೆ ಮುಂದೆ ಮಕ್ಕಳು ಹೊರಗೆ. ಕನಿಷ್ಠ ಐದು ವರ್ಷದ ಸರಾಸರಿ ಬೇಕು, ಹುಡುಗಿಯರದು ಬೇರೆ, ಹುಡುಗರದು ಬೇರೆ. ಕಬ್ಬಿನ ಸೀಮೆಯಲ್ಲಿ, ಗುಳೆ ಹೋಗುವ ತಾಲ್ಲೂಕುಗಳಲ್ಲಿ ಹುಡುಗರು ಪಿಯುಸಿಯಲ್ಲೇ ಬಿಟ್ಟುಹೋಗುವುದುಂಟು; ಎರಡನ್ನೂ ಕೂಡಿಸಿದ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ.

ಒಟ್ಟು ದಾಖಲಾತಿ ಅನುಪಾತದ ಬಗ್ಗೆಯೂ, ಅಂದರೆ 18ರಿಂದ 23 ವಯಸ್ಸಿನ ನೂರು ಜನರಿಗೆ ಉನ್ನತ ಶಿಕ್ಷಣದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ಅಂಕಿಯ ಬಗ್ಗೆಯೂ, ಎಚ್ಚರ ಬೇಕು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯಂತೆ ಕರ್ನಾಟಕದ ಅನುಪಾತ 36.2, ದೇಶದ್ದು 28.4. 18ರಿಂದ 23 ವಯಸ್ಸಿನ ಒಂದು ಲಕ್ಷ ಜನರಿಗೆ ನಮ್ಮಲ್ಲಿ 66 ಕಾಲೇಜು, ದೇಶದಲ್ಲಿ 30. ಓದಿದರೆ ಸಮಾಧಾನವಾಗುತ್ತದೆ. ಆದರೆ ಈ ಸಮೀಕ್ಷೆ ವಿದ್ಯಾರ್ಥಿಯನ್ನು ಎಣಿಸುವುದು ಓದುವ ಊರಿನಲ್ಲಿ, ಹುಟ್ಟಿದ ಊರಿನಲ್ಲಲ್ಲ. ಇಂಡಿಯಿಂದ ಸೊಲ್ಲಾಪುರಕ್ಕೆ, ರಾಮದುರ್ಗದಿಂದ ಧಾರವಾಡಕ್ಕೆ, ಅಥಣಿಯಿಂದ ಬೆಂಗಳೂರಿಗೆ ಹೋದವರೆಲ್ಲ ಅಲ್ಲಿಯ ಲೆಕ್ಕಕ್ಕೆ ಸೇರುತ್ತಾರೆ. ಹೀಗಾಗಿ ಜಿಲ್ಲಾ ಅನುಪಾತ ಕಡಿಮೆ ಎಂದರೆ ಮಕ್ಕಳು ಓದುತ್ತಿಲ್ಲ ಎಂದಾಗಬಹುದು, ಇಲ್ಲಿ ಓದಲು ಮನಸ್ಸಿಲ್ಲದೆ ಹೊರಗೆ ಹೋಗಿದ್ದಾರೆ ಎಂದೂ ಆಗಬಹುದು. ಮೊದಲನೆಯದಕ್ಕೆ ಔಷಧ ವಿದ್ಯಾರ್ಥಿವೇತನ ಮತ್ತು ಬಸ್ಸು, ಎರಡನೆಯದಕ್ಕೆ ಒಳ್ಳೆಯ ಅಧ್ಯಾಪಕರು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನಡೆಸುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಪ್ರವೇಶದ ಅರ್ಜಿ ತುಂಬುವಾಗ ವಿದ್ಯಾರ್ಥಿ ತನ್ನ ವಿಳಾಸ ಕೊಟ್ಟೇ ಕೊಡುತ್ತಾನೆ. ಅದನ್ನು ತಾಲ್ಲೂಕುವಾರು ವಿಂಗಡಿಸಿದರೆ ಕನಿಷ್ಠ ರಾಜ್ಯದೊಳಗಿನ ಓಡಾಟ ಕಣ್ಣಿಗೆ ಕಾಣುತ್ತದೆ. ಒಂದು ವಾರದ ಕೆಲಸ.

ಎರಡನೆಯದು, ಮತ್ತು ನನ್ನ ಮಟ್ಟಿಗೆ ಇಡೀ ಯೋಜನೆಯ ಬೆನ್ನೆಲುಬು, ಬೋಧನೆಯ ಹೊರೆ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ಬಿಎ ತರಗತಿಯ ಒಂದು ವಿಷಯಕ್ಕೆ ವಾರಕ್ಕೆ 5 ಗಂಟೆ ಎಂದುಕೊಳ್ಳಿ. ಮೂರು ವರ್ಷದ ತರಗತಿಗಳೂ ಒಟ್ಟಿಗೆ ನಡೆಯುವುದರಿಂದ 15 ಗಂಟೆ; ಅಂದರೆ ಒಂದು ವಿಷಯಕ್ಕೆ ಒಂದು ಹುದ್ದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ, ಇಂಗ್ಲಿಷ್ ಇಟ್ಟರೆ ಆರು. ಅದಕ್ಕಿಂತ ಕಡಿಮೆ ಹುದ್ದೆಯಲ್ಲಿ ಕಾಲೇಜು ತೆರೆದರೆ ಮೊದಲ ದಿನದಿಂದಲೇ ಅದು ಅತಿಥಿ ಉಪನ್ಯಾಸಕರ ಕಾಲೇಜು.

ವಿಜ್ಞಾನದ ಲೆಕ್ಕವೇ ಬೇರೆ. ಭೌತಶಾಸ್ತ್ರಕ್ಕೆ ವಾರಕ್ಕೆ 4 ಗಂಟೆ ಪಾಠ, 4 ಗಂಟೆ ಪ್ರಯೋಗ ಎಂದಿಟ್ಟುಕೊಳ್ಳಿ. ತರಗತಿಯಲ್ಲಿ 60 ಮಂದಿ, ಲ್ಯಾಬಿನಲ್ಲಿ ಒಮ್ಮೆಗೆ 20 ಮಂದಿಗೆ ಜಾಗ. ಮೂರು ಬ್ಯಾಚಿಗೆ 12 ಗಂಟೆ ಪ್ರಯೋಗ, ಪಾಠದ 4 ಸೇರಿ 16. ಮೂರು ವರ್ಷಕ್ಕೆ 48 ಗಂಟೆ, ಮೂವರು ಅಧ್ಯಾಪಕರು. ಪ್ರಯೋಗದ ಒಂದು ಗಂಟೆಯನ್ನು ಅರ್ಧ ಗಂಟೆ ಎಂದು ಎಣಿಸಿದರೆ ಅದೇ ಕಾಲೇಜಿನ ಹೊರೆ 30 ಗಂಟೆಗೆ ಇಳಿದು ಇಬ್ಬರು ಸಾಕು ಎಂದಾಗುತ್ತದೆ. ಮಕ್ಕಳು ಅಷ್ಟೇ, ಲ್ಯಾಬು ಅಷ್ಟೇ, ಒಬ್ಬ ಅಧ್ಯಾಪಕ ಕಾಗದದ ಮೇಲೆ ಮಾಯ. ಪ್ರಯೋಗದ ಗಂಟೆಯನ್ನು ಹೇಗೆ ಎಣಿಸುತ್ತೇವೆ ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ಆರ್ಥಿಕ ಇಲಾಖೆ ಒಂದು ರೀತಿ ಎಣಿಸುತ್ತದೆ, ಕಾಲೇಜು ಶಿಕ್ಷಣ ಇಲಾಖೆ ಇನ್ನೊಂದು ರೀತಿ, ಕಡತ ಎರಡರ ನಡುವೆ ತಿರುಗುತ್ತದೆ.

ಪಠ್ಯಕ್ರಮ ಪದೇ ಪದೇ ಬದಲಾದರೆ ಈ ಲೆಕ್ಕ ನಿಲ್ಲುವುದೇ ಇಲ್ಲ. 2021–22ರಲ್ಲಿ, ನಾಲ್ಕು ವರ್ಷದ ಪದವಿಗೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು; ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿಗೆ ಒಂದು ಚೌಕಟ್ಟು, ಮೂರು ಮತ್ತು ಐದನೇ ಸೆಮಿಸ್ಟರಿಗೆ ಇನ್ನೊಂದು. ಬೇರೆ ವಿಭಾಗದ ವಿದ್ಯಾರ್ಥಿಗಳೂ ಆಯ್ದುಕೊಳ್ಳಬಹುದಾದ ಮುಕ್ತ ಐಚ್ಛಿಕ ಪತ್ರಿಕೆಗಳಿಂದ ಹುಟ್ಟಿದ್ದ ಹೊರೆ ಕರಗಿತು, ಅದನ್ನು ನಂಬಿದ್ದ ಅತಿಥಿ ಉಪನ್ಯಾಸಕರ ಗಂಟೆಗಳೂ ಕರಗಿದವು. ನೀತಿಯ ತಪ್ಪು ಒಪ್ಪು ಬೇರೆ ಮಾತು. ಒಮ್ಮೆ ತಂದ ಚೌಕಟ್ಟು ಒಂದರ ಹಿಂದಿನ ವರ್ಷ ಇನ್ನೊಂದು ಸೇರುವ ಕನಿಷ್ಠ ಎರಡು ಪೂರ್ಣ ಬ್ಯಾಚು, ಅಂದರೆ ನಾಲ್ಕು ವರ್ಷವಾದರೂ ಬಾಳಬೇಕೆಂಬ ಕಟ್ಟು ಇರಲೇಬೇಕು.

ಅತಿಥಿ ಉಪನ್ಯಾಸಕರ ವಿಚಾರಕ್ಕೆ ಬಂದರೆ, ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಅವರ ಹೆಗಲ ಮೇಲೆ. ಅವರ ಸಂಖ್ಯೆ ಹತ್ತು ಸಾವಿರ ದಾಟಿದೆ. ಕಾಯಂ ಹುದ್ದೆಗಳ ವರ್ಗಾವಣೆ ಮುಗಿದು, ಉಳಿದ ಹೊರೆ ಗೊತ್ತಾಗಿ, ಕೌನ್ಸೆಲಿಂಗ್ ನಡೆದು ಅವರು ತರಗತಿಗೆ ಬರುವ ಹೊತ್ತಿಗೆ ಸೆಮಿಸ್ಟರ್ ಅರ್ಧದತ್ತ ಸಾಗಿರುತ್ತದೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ 4 ಗಂಟೆಯಂತೆ 64 ಗಂಟೆ ಪಾಠ. ಅಧ್ಯಾಪಕರು ಆರನೇ ವಾರಕ್ಕೆ ಬಂದರೆ ಉಳಿಯುವುದು 44. ಆ 44ರಲ್ಲೇ ಆಂತರಿಕ ಪರೀಕ್ಷೆ, ದಸರಾ, ದೀಪಾವಳಿ. ಕೊನೆಯ ಎರಡು ಘಟಕಗಳು ನೋಟ್ಸಿನ ಜೆರಾಕ್ಸಿನಲ್ಲಿ ಮುಗಿಯುತ್ತವೆ, ಮುಂದಿನ ಸೆಮಿಸ್ಟರಿನ ಪಾಠಕ್ಕೆ ಬುನಾದಿಯೇ ಇರುವುದಿಲ್ಲ. ಇದಕ್ಕೆ ಹೊಸ ಹಣ ಬೇಡ. ಹಿಂದಿನ ವರ್ಷದ ಹೊರೆಯ ಶೇ 80ರಷ್ಟಕ್ಕೆ ಮೇ ತಿಂಗಳಲ್ಲೇ ಆದೇಶ ಕೊಟ್ಟು, ಪ್ರವೇಶ ಮುಗಿದ ಮೇಲೆ ಉಳಿದದ್ದನ್ನು ಸರಿಪಡಿಸಿದರೆ ಸಾಕು. ಅದು ತಾತ್ಕಾಲಿಕ ಪರಿಹಾರ. ಹತ್ತು ವರ್ಷದ ಯೋಜನೆಯಲ್ಲಿ ಪ್ರತಿ ವರ್ಷ ನಿವೃತ್ತರಾಗುವವರ ಪಟ್ಟಿ ವಿಷಯವಾರು ಇರಬೇಕು, ನೇಮಕಾತಿ ಅದಕ್ಕೆ ಎರಡು ವರ್ಷ ಮೊದಲೇ ಆರಂಭವಾಗಬೇಕು. 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ 2021ರಲ್ಲಿ ಅಧಿಸೂಚನೆ ಹೊರಟು, ಅದು ಮುಗಿಯಲು ವರ್ಷಗಳೇ ಹಿಡಿದದ್ದನ್ನು ಎಲ್ಲರೂ ಕಂಡಿದ್ದಾರೆ. ಸರ್ಕಾರದ ಅನುದಾನದಿಂದ ಸಂಬಳ ನಡೆಯುವ ಖಾಸಗಿ ಆಡಳಿತದ ಅನುದಾನಿತ ಕಾಲೇಜುಗಳದೂ ಇದೇ ಪಾಡು. ಬಿಎಲ್‌ಡಿಇ, ಬಿವಿವಿ, ಕೆಎಲ್‌ಇಯಂಥ ಶತಮಾನ ದಾಟಿದ ಸಂಸ್ಥೆಗಳಿಂದ ಬೆಳೆದ ಈ ಭಾಗದಲ್ಲಿ ಅನುದಾನಿತ ಹುದ್ದೆ ಖಾಲಿಬಿದ್ದರೆ ಹೊರೆ ಶುಲ್ಕವಾಗಿ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಆದ್ದರಿಂದ ಸರ್ಕಾರಿ, ಅನುದಾನಿತ ಎರಡನ್ನೂ ಒಂದೇ ಪಟ್ಟಿಯಲ್ಲಿ ಎಣಿಸಬೇಕು.

ಹಾಗಾದರೆ ಎಲ್ಲ ತಾಲ್ಲೂಕಿನಲ್ಲಿ ಎಲ್ಲ ವಿಷಯ ಇಡುವುದೇ? ಆಗದ ಮಾತು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ತೇರದಾಳ ಒಂದಕ್ಕೊಂದು ಹತ್ತಿರದ ಊರುಗಳು. ನಾಲ್ಕೂ ಕಡೆ ಹನ್ನೆರಡು ಹದಿನೈದು ಮಕ್ಕಳ ಬಿಎಸ್ಸಿ ನಡೆಸುವ ಬದಲು ಒಂದು ಕಡೆ ಪೂರ್ತಿ ಲ್ಯಾಬು, ಪೂರ್ತಿ ಹುದ್ದೆ ಇಟ್ಟು, ಉಳಿದ ಕಡೆ ಬಿಎ, ಬಿಕಾಂ ಗಟ್ಟಿಮಾಡುವುದು ಒಳ್ಳೆಯದು. ಆದರೆ ಒಂದು ಷರತ್ತು: ಬೆಳಗಿನ ಮೊದಲ ತರಗತಿಗೂ ಸಂಜೆಯ ಪ್ರಯೋಗದ ನಂತರಕ್ಕೂ ಬಸ್ಸು ಇರಬೇಕು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಖರ್ಚಿಲ್ಲ. ಉಳಿದಿರುವುದು ವೇಳೆಯ ತೊಡಕು. ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ ಸೇರಿವೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ. ಜಮಖಂಡಿ–ವಿಜಯಪುರ ನಡುವೆ ಕಾಲೇಜಿನ ವೇಳೆಗೆ ಬಸ್ಸು ಹೊಂದಿಸಬೇಕಾದರೆ ಎರಡು ನಿಗಮಗಳ ಅಧಿಕಾರಿಗಳು ಒಟ್ಟಿಗೆ ಕೂರಬೇಕು. ಶೈಕ್ಷಣಿಕ ಯೋಜನೆಯ ಸಭೆಗೆ ಸಾರಿಗೆಯವರನ್ನು ಕರೆಯದಿದ್ದರೆ ಇಂಥ ಗುಂಪು ವ್ಯವಸ್ಥೆ ಮೊದಲ ವರ್ಷವೇ ಕುಸಿಯುತ್ತದೆ, ಮೊದಲು ಓದು ಬಿಡುವವರು ಹಳ್ಳಿಯ ಹುಡುಗಿಯರು. 2019ರಂತೆ ಕೃಷ್ಣೆ, ಘಟಪ್ರಭೆ ಉಕ್ಕಿ ಸೇತುವೆ ಮುಳುಗುವ ಚಿಕ್ಕೋಡಿ, ರಾಯಬಾಗ, ಮುಧೋಳ ಸೀಮೆಯಲ್ಲಿ ಆಗಸ್ಟಿನ ಆಂತರಿಕ ಪರೀಕ್ಷೆಗೆ ಬದಲಿ ದಿನಾಂಕವನ್ನೂ ಮೊದಲೇ ಇಟ್ಟುಕೊಳ್ಳಬೇಕು.

ಈಗ ವಿಶ್ವವಿದ್ಯಾಲಯದ ಹಣ. ಕಾಲೇಜುಗಳನ್ನು ಸಂಯೋಜಿಸಿಕೊಂಡಿರುವ ವಿಶ್ವವಿದ್ಯಾಲಯದ ಸ್ವಂತ ಆದಾಯ ಬಹುಪಾಲು ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ ಬರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಾಗ ಈ ಮೂರೂ ಜಿಲ್ಲೆಗಳ ಕಾಲೇಜುಗಳು ಧಾರವಾಡದಿಂದ ಬೆಳಗಾವಿಗೆ ಬಂದವು. 2023ರಲ್ಲಿ ಬಾಗಲಕೋಟೆ ಜಿಲ್ಲೆಯವು ಜಮಖಂಡಿಗೆ ಹೋದವು. ಪ್ರತಿ ಸಲ ಒಡೆದಾಗಲೂ ಶುಲ್ಕದ ಆದಾಯ ಹೊಸ ಮನೆಗೆ, ಹಳೆಯ ನೌಕರರ ಪಿಂಚಣಿಯ ಭಾರ ಹಳೆಯ ಮನೆಯಲ್ಲೇ. 2006ರ ಏಪ್ರಿಲ್‌ಗೆ ಮೊದಲು ಸೇರಿದವರಿಗೆ ಹಳೆ ಪಿಂಚಣಿ, ಅವರು ನಿವೃತ್ತರಾಗುತ್ತಿರುವುದು ಈಗ. ಹೊಸ ವಿಶ್ವವಿದ್ಯಾಲಯಕ್ಕೋ ಆದಾಯವಿದೆ, ಮಂಜೂರಾದ ಬೋಧಕ ಹುದ್ದೆಗಳಿಲ್ಲ. ಆಗ ಅದು ಪರೀಕ್ಷಾ ಮಂಡಳಿಯಂತೆ ಕೆಲಸ ಮಾಡುತ್ತದೆ. ಒಡೆಯುವುದಾದರೂ ವಿಲೀನ ಮಾಡುವುದಾದರೂ ಮೂರು ಸಂಗತಿಗಳು ಅದೇ ಆದೇಶದಲ್ಲಿರಬೇಕು: ಪಿಂಚಣಿ ಯಾರ ತಲೆಗೆ ಎಷ್ಟು, ವಿಷಯವಾರು ಬೋಧಕ ಹುದ್ದೆ ಎಷ್ಟು, ನಡುವೆ ಸಿಕ್ಕ ಬ್ಯಾಚುಗಳ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ ಕೊಡುವವರು ಯಾರು. ಮೂರನೆಯದನ್ನು ಮರೆತರೆ ಉದ್ಯೋಗಕ್ಕೆ ದಾಖಲೆ ಪರಿಶೀಲನೆ ಬಂದಾಗ ವಿದ್ಯಾರ್ಥಿ ಎರಡು ಊರಿಗೆ ಅಲೆಯುತ್ತಾನೆ.

ಸಂಪನ್ಮೂಲ ಹಂಚಿಕೊಳ್ಳುವ ಅವಕಾಶ ಇಲ್ಲಿ ಬೇಕಾದಷ್ಟಿದೆ. ಬೆಳಗಾವಿಯಲ್ಲಿ 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು, ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ, ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ. ತಿಕೋಟಾದ ದ್ರಾಕ್ಷಿ, ಇಂಡಿಯ ನಿಂಬೆಯ ಸೀಮೆಯಲ್ಲಿ ಬಿಎಸ್ಸಿ ಸಸ್ಯಶಾಸ್ತ್ರ ಓದುವ ಮಗು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಒಂದು ಪತ್ರಿಕೆ ಮುಗಿಸಿ ಅದರ ಕ್ರೆಡಿಟ್ಟನ್ನು ತನ್ನ ಪದವಿಗೆ ಸೇರಿಸಿಕೊಳ್ಳುವಂತಾಗಬೇಕು. ಕಟ್ಟಡ ಬೇಡ, ಎರಡು ವಿದ್ಯಾವಿಷಯಕ ಪರಿಷತ್ತುಗಳ ಒಪ್ಪಿಗೆ ಬೇಕು.

ಒಂದು ಅನ್ಯಾಯವನ್ನು ಹೇಳಲೇಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಈ ಮೂರು ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ. ಸಿಂದಗಿಯ ಗಡಿ ದಾಟಿದರೆ ಕಲಬುರಗಿ ಜಿಲ್ಲೆ. ಆಚೆಯ ವಿದ್ಯಾರ್ಥಿಗೆ ಪ್ರವೇಶದಲ್ಲಿ ಸ್ಥಳೀಯ ಮೀಸಲು, ಆಚೆಯ ಕಾಲೇಜಿಗೆ ಕಲ್ಯಾಣ ಕರ್ನಾಟಕ ಮಂಡಳಿಯ ಹಣ. ಈಚೆ ಎರಡೂ ಇಲ್ಲ. ಅವರಿಗೆ ಕೊಟ್ಟದ್ದು ತಪ್ಪಲ್ಲ. ಆದರೆ ಗಡಿಯ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಾಲೇಜುಗಳಿಗೆ ಸಾಮಾನ್ಯ ಬಜೆಟ್ಟಿನಿಂದಲೇ ಪ್ರತ್ಯೇಕ ಸಾಲು ಬೇಕು, ಅದೂ ಕಟ್ಟಡಕ್ಕಲ್ಲ, ಹುದ್ದೆಗೆ ಮತ್ತು ಹಾಸ್ಟೆಲಿಗೆ.

ರಾಜ್ಯ ಬಜೆಟ್ ಮಂಡನೆಯಾಗುವುದು ಫೆಬ್ರುವರಿ ಇಲ್ಲವೇ ಮಾರ್ಚಿನಲ್ಲಿ. ತಾಲ್ಲೂಕಿನ ವಿದ್ಯಾರ್ಥಿಗಳ ಅಂದಾಜಿನ ಪಟ್ಟಿ ಆಗಸ್ಟ್ ಕೊನೆಗೆ, ಪ್ರವೇಶ ಮುಗಿದ ಮೇಲಿನ ಹೊರೆಯ ಲೆಕ್ಕ ಅಕ್ಟೋಬರಿಗೆ, ಹುದ್ದೆಯ ಬೇಡಿಕೆ ನವೆಂಬರಿನೊಳಗೆ ಇಲಾಖೆಯ ಮೇಜಿಗೆ ಹೋಗಬೇಕು. ಜನವರಿಯಲ್ಲಿ ಹೋದ ಕಡತಕ್ಕೆ ಸಾಮಾನ್ಯವಾಗಿ ಸಿಗುವುದು ಕಟ್ಟಡದ ಹಣ. ಅದು ಒಮ್ಮೆಗೆ ಮುಗಿಯುವ ಖರ್ಚು. ಹುದ್ದೆ ಮೂವತ್ತು ವರ್ಷದ ಖರ್ಚು, ಆರ್ಥಿಕ ಇಲಾಖೆ ಅದಕ್ಕೆ ಸಮಯ ಕೇಳುತ್ತದೆ. ಆ ಸಮಯವನ್ನು ಅವರಿಗೆ ಕೊಡುವುದು ಯೋಜನೆ ಮಾಡುವವರ ಹೊಣೆ.