ರಾಜನಿಗೆ ಕೊಟ್ಟ ಚೆಕ್ಕು

ಅಮೆರಿಕದಲ್ಲಿರುವ ಮಗ ಕಳಿಸಿದ ಕ್ಯಾಷಿಯರ್ಸ್ ಚೆಕ್ಕನ್ನು, ಅಂದರೆ ಅಲ್ಲಿನ ಬ್ಯಾಂಕೇ ಬರೆದುಕೊಟ್ಟ ಚೆಕ್ಕನ್ನು, ಹಿಡಿದು ನಮ್ಮ ಬ್ಯಾಂಕಿಗೆ ಬಂದಿದ್ದ ಹಿರಿಯರೊಬ್ಬರು, ‘ಇದರಲ್ಲಿ ಸ್ಪೆಲಿಂಗೇ ತಪ್ಪಿದೆಯಲ್ಲ ಸ್ವಾಮಿ, ನಡೆಯುತ್ತದೆಯೇ?’ ಎಂದು ಕೇಳಿದ್ದರು. ನಾವು ಕೊನೆಗೆ ಕ್ಯೂ-ಯು-ಇ ಬರೆಯುವ ಕಡೆ ಅಲ್ಲಿ ಸಿ-ಕೆ ಇತ್ತು. ತಪ್ಪೇನಿಲ್ಲ. ಹಾಗೆ ನೋಡಿದರೆ ಹಳೆಯ ಕಾಗುಣಿತ ಅಮೆರಿಕದವರದೇ. ನಮ್ಮದು ಇಂಗ್ಲೆಂಡಿನವರು ಆಮೇಲೆ ತೊಡಿಸಿದ ಒಡವೆ. ಚೆಕ್ಕಿನ ವ್ಯವಹಾರಕ್ಕೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಅದೇ ಅಚ್ಚಾಯಿತು, ಇಲ್ಲೇ ಉಳಿಯಿತು.

ಈ ಒಂದು ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ ನೋಡಿ. ಹಳ್ಳಕ್ಕೆ ಕಟ್ಟಿದ್ದು ಚೆಕ್ ಡ್ಯಾಂ, ಗಡಿಯಲ್ಲಿರುವುದು ಚೆಕ್‌ಪೋಸ್ಟ್, ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್, ಚೌಕಳಿಯ ಅಂಗಿ ಚೆಕ್ಸ್ ಅಂಗಿ, ಬ್ಯಾಂಕಿನಲ್ಲಿ ಚೆಕ್ಕು. ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನಿಸುವ ಇವೆಲ್ಲ ಒಂದೇ ಮನೆಯವು. ಮೂಲಪುರುಷ ಪರ್ಷಿಯಾದ ಶಾ, ಅಂದರೆ ರಾಜ.

ಭಾರತದ ಚತುರಂಗ ಪರ್ಷಿಯಾಕ್ಕೆ ಹೋದಾಗ, ಎದುರಾಳಿಯ ರಾಜನ ಮೇಲೆ ದಾಳಿ ಬಿದ್ದರೆ ‘ಶಾ!’ ಎಂದು ಎಚ್ಚರಿಸುವುದು ರೂಢಿಯಾಯಿತು. ಆಟ ಅರಬರ ಕೈದಾಟಿ ಯುರೋಪಿಗೆ ಬಂತು. ಶಾ ಎಂಬುದು ಹಳೆಯ ಫ್ರೆಂಚಿನಲ್ಲಿ ಎಸ್ಚೆಕ್ ಆಗಿ, ಇಂಗ್ಲಿಷಿನಲ್ಲಿ ಚೆಕ್ ಆಯಿತು. ಚೆಕ್ ಬಿದ್ದ ಮೇಲೆ ಆಟಗಾರ ತನ್ನಿಷ್ಟದಂತೆ ನಡೆಸುವ ಹಾಗಿಲ್ಲ, ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಅಲ್ಲಿಂದ ‘ತಡೆ’ ಎಂಬ ಅರ್ಥ ಹುಟ್ಟಿತು. ನೀರನ್ನು ತಡೆಯುವ ಚೆಕ್ ಡ್ಯಾಂ ಈ ಕವಲಿನದು. ತಡೆದು ನಿಲ್ಲಿಸಿ ಪರೀಕ್ಷಿಸುವುದು ಮುಂದಿನ ಹೆಜ್ಜೆ. ಅಂಗಿಯ ಚೌಕಳಿ ಬಂದದ್ದು ಮಾತ್ರ ಆಟದ ಹಾಸಿನಿಂದ.

ನನ್ನ ವೃತ್ತಿಯವರಿಗೆ ರುಚಿಸುವ ಭಾಗ ಇನ್ನು ಮುಂದಿದೆ. ಇಂಗ್ಲೆಂಡಿನ ಖಜಾನೆಗೆ ಎಕ್ಸ್‌ಚೆಕರ್ ಎಂದು ಹೆಸರು. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ಚದುರಂಗದ ಹಾಸು ಎಂದಷ್ಟೇ. ಅಲ್ಲಿನ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ 12ನೇ ಶತಮಾನದಲ್ಲಿ ತನ್ನ ಕಚೇರಿಯ ಕ್ರಮವನ್ನೆಲ್ಲ ಬರೆದಿಟ್ಟಿದ್ದಾನೆ. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಇಟ್ಟದ್ದು ಉರುಳಿ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆಗಳಿದ್ದ ಕಪ್ಪು ಬಟ್ಟೆ. ಪೆನ್ನಿ ನಾಣ್ಯಕ್ಕೊಂದು, ಶಿಲ್ಲಿಂಗಿಗೊಂದು, ಪೌಂಡಿಗೊಂದು ಸಾಲು; ಸಾಲುಗಳಲ್ಲಿ ಬಿಲ್ಲೆಗಳನ್ನು ಇಟ್ಟು, ಸರಿಸಿ, ತೆಗೆದು ಲೆಕ್ಕ ಮಾಡುತ್ತಿದ್ದರು. ಅಂಕಿ ಓದಲು ಬಾರದವನಿಗೂ ತನ್ನ ಬಾಕಿ ಎಷ್ಟೆಂದು ಕಣ್ಣಿಗೇ ಕಾಣುತ್ತಿತ್ತು. ಈ ಮೇಜಿನಲ್ಲಿ ಕಾದಾಡುವವರು ಇಬ್ಬರು, ಖಜಾಂಚಿ ಮತ್ತು ಕಂದಾಯದ ಲೆಕ್ಕ ಒಪ್ಪಿಸಲು ಬಂದ ಶೆರೀಫ್ ಎಂದೂ ಫಿಟ್ಸ್‌ನೀಲ್ ಹೇಳುತ್ತಾನೆ. ಆಡಿಟ್ ಕಂಡವರು ಯಾರೂ ಇದನ್ನು ಅತಿಶಯೋಕ್ತಿ ಎನ್ನಲಾರರು.

ಹಣ ಕಟ್ಟಿದ್ದಕ್ಕೆ ಅಲ್ಲಿ ಕೊಡುತ್ತಿದ್ದ ರಸೀದಿ ಒಂದು ಮರದ ಕಡ್ಡಿ. ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕಿ, ಉದ್ದಕ್ಕೆ ಸೀಳಿ, ಒಂದು ಪಾಲನ್ನು ಕಟ್ಟಿದವನಿಗೆ ಕೊಟ್ಟು ಇನ್ನೊಂದನ್ನು ಖಜಾನೆ ಇಟ್ಟುಕೊಳ್ಳುತ್ತಿತ್ತು. ಎರಡನ್ನೂ ಜೋಡಿಸಿದರೆ ಕಚ್ಚುಗಳು ಕೂಡಬೇಕು. ಒಬ್ಬನೇ ಹೊಸ ಕಚ್ಚು ಹಾಕಿದರೆ ಮೋಸ ಬಯಲು. ಬಳಕೆ ತಪ್ಪಿದ ಈ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಒಲೆಗೆ ಹಾಕಲು ಹೋಗಿಯೇ ಲಂಡನ್ನಿನ ಸಂಸತ್ ಭವನ ಸುಟ್ಟುಹೋಯಿತು.

ಹಣ ಕೊಡಲು ಆದೇಶಿಸುವ ಕಾಗದದ ಹುಂಡಿಗಳು ಬಂದಾಗಲೂ ಉಪಾಯ ಅದೇ ಉಳಿಯಿತು. 18ನೇ ಶತಮಾನದ ಆರಂಭದಲ್ಲಿ ಚೆಕ್ ಎಂದರೆ ಹಣದ ಆದೇಶವಲ್ಲ. ಆದೇಶವನ್ನು ಹರಿದುಕೊಟ್ಟ ಮೇಲೆ, ತಿದ್ದುಪಡಿ ಹಿಡಿಯಲು ಉಳಿಸಿಕೊಳ್ಳುತ್ತಿದ್ದ ತುಂಡು, ನಾವು ಕೌಂಟರ್‌ಫಾಯಿಲ್ ಎನ್ನುವುದು. ಕ್ರಮೇಣ ಆ ತುಂಡಿನ ಹೆಸರು ಹರಿದುಕೊಟ್ಟ ಕಾಗದಕ್ಕೇ ಅಂಟಿಕೊಂಡಿತು. ಎಕ್ಸ್‌ಚೆಕರ್ ಪದದ ಪ್ರಭಾವದಿಂದ ಇಂಗ್ಲೆಂಡಿನಲ್ಲಿ ಕಾಗುಣಿತವೂ ಬದಲಾಯಿತು.

ವಿಪರ್ಯಾಸ ನೋಡಿ, ಹೆಸರಿಗೆ ನಿಜವಾದ ವಾರಸುದಾರನಾದ ಆ ತುಂಡನ್ನೇ ನಮ್ಮ ಗ್ರಾಹಕರು ಖಾಲಿ ಬಿಡುತ್ತಾರೆ. ಈಗ ಎಷ್ಟೋ ಚೆಕ್ ಪುಸ್ತಕಗಳಲ್ಲಿ ಅದರ ಬದಲು ದಾಖಲೆ ಬರೆದಿಡುವ ಪುಟವೊಂದಿರುತ್ತದೆ. ಅದಂತೂ ಅಚ್ಚಾದ ದಿನದಷ್ಟೇ ಸ್ವಚ್ಛ. ಭಾರತೀಯ ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ ಜಾರಿಗೆ ತಂದ ಪಾಸಿಟಿವ್ ಪೇ ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದೆ. 50,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಚೆಕ್ ಕೊಟ್ಟವರು ದಿನಾಂಕ, ಪಡೆಯುವವರ ಹೆಸರು, ಮೊತ್ತವನ್ನು ಬ್ಯಾಂಕಿಗೆ ಮತ್ತೊಮ್ಮೆ ತಿಳಿಸಬಹುದು. ಚೆಕ್ಕು ಬಂದಾಗ ಎರಡನ್ನೂ ತಾಳೆ ನೋಡುತ್ತಾರೆ. ಸೀಳಿದ ಕಡ್ಡಿ ಜೋಡಿಸುವುದೆಂದರೆ ಇದೇ ತಾನೆ? 5 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಇದನ್ನು ಕಡ್ಡಾಯ ಮಾಡುವ ಅವಕಾಶವೂ ಬ್ಯಾಂಕುಗಳಿಗಿದೆ.

50,000 ರೂಪಾಯಿಗಿಂತ ಚಿಕ್ಕ ಚೆಕ್ಕುಗಳಿಗೆ ನಿಮ್ಮ ಕೈಬರಹವೇ ಗತಿ. ಚೆಕ್ಕು ಕಳೆದಿದೆ, ಪಾವತಿ ತಡೆಯಿರಿ ಎಂದು ಏದುಸಿರು ಬಿಡುತ್ತಾ ಬರುವವರನ್ನು ನಾವು ಮೊದಲು ಕೇಳುವುದು ಚೆಕ್ಕಿನ ನಂಬರನ್ನು. ಅದನ್ನು ಬರೆದಿಟ್ಟವರ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಉಳಿದವರೊಂದಿಗೆ ಕುಳಿತು, ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಒಂದೊಂದಾಗಿ ಎಣಿಸಬೇಕಾಗುತ್ತದೆ.