ಹಲ್ಲು ಮುರಿದರೆ ಏಳು ವರ್ಷ, ಕೆನ್ನೆ ಊದಿದರೆ ಒಂದು

ಬೇಲಿ ತಕರಾರಿನಲ್ಲಿ ಪೆಟ್ಟು ತಿಂದು ಉಡುಪಿಯ ನಮ್ಮ ವಕೀಲರ ಆಫೀಸಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳುವ ಮಾತೊಂದಿದೆ: "ಅವನ ಮೇಲೆ 307 ಹಾಕಿಸಿ ಮಾರಾಯ್ರೆ." 307 ಅಂದರೆ ಹಳೆಯ ಐಪಿಸಿಯ ಕೊಲೆ ಯತ್ನದ ಕಲಂ. 2024ರ ಜುಲೈ 1ರಿಂದ ಈಚೆಗೆ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಕೊಲೆ ಯತ್ನ ಈಗ ಕಲಂ 109. ಜನರ ಬಾಯಲ್ಲಿ ಮಾತ್ರ 307 ಇನ್ನೂ ಗಟ್ಟಿಯಾಗಿ ಕೂತಿದೆ.

ಎದುರಿನವನಿಗೆ ಎಷ್ಟು ಸಿಟ್ಟಿತ್ತು ಎಂಬುದು ಪೆಟ್ಟು ತಿಂದವರಿಗೆ ದೊಡ್ಡ ವಿಷಯ. ಹಲ್ಲೆ ಕೇಸಿನಲ್ಲಿ ಕಾನೂನು ಮೊದಲು ಕೇಳುವುದೇ ಬೇರೆ: ಮೈಗೆ ಏನಾಯಿತು, ಕೈಯಲ್ಲಿ ಏನಿತ್ತು? ಕೆನ್ನೆ ಊದಿಕೊಂಡಿದ್ದರೆ ಅದು ಸಾದಾ ಗಾಯ, ಕಲಂ 115(2). ಗರಿಷ್ಠ 1 ವರ್ಷ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದೊಂದೇ ಕಲಂ ಇದ್ದರೆ ಕೇಸು 'ಎನ್‌ಸಿ', ಅಂದರೆ ನಾನ್-ಕಾಗ್ನಿಜಬಲ್. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯವರು ಸುಮ್ಮನೆ ಕೂತಿದ್ದಾರೆ ಎಂದು ಬೈಯುವವರಿಗೆ ಇದು ಗೊತ್ತಿರುವುದಿಲ್ಲ.

ಮೂಗಿನ ಎಲುಬು ಬಿರುಕು ಬಿಟ್ಟರೆ, ಒಂದೇ ಒಂದು ಹಲ್ಲು ಮುರಿದರೆ ಅದು ಕಲಂ 116ರ ಪ್ರಕಾರ ತೀವ್ರ ಗಾಯ. 117(2)ರಲ್ಲಿ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಂಥ ಗಾಯ ಆಗಬಹುದೆಂಬ ಅರಿವು ಹೊಡೆದವನಿಗೆ ಇತ್ತೆಂದೂ ತೋರಿಸಬೇಕು. ಕೋರ್ಟಿನಲ್ಲಿ ನಿಜವಾದ ಜಗ್ಗಾಟ ಶುರುವಾಗುವುದು ಇಲ್ಲಿಯೇ. ಅಜ್ಜರಕಾಡಿನ ಸರಕಾರಿ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಪ್ರಮಾಣಪತ್ರದಲ್ಲಿ) 'ತೀವ್ರ' ಎಂದು ಬರೆದ ಮಾತ್ರಕ್ಕೆ ಮುಗಿಯುವುದಿಲ್ಲ. ಎಕ್ಸ್‌ರೇ ಫಿಲ್ಮ್ ಎಲ್ಲಿ? ಅದನ್ನು ನೋಡಿ ವರದಿ ಕೊಟ್ಟ ವೈದ್ಯರು ಸಾಕ್ಷಿ ಹೇಳಿದರೇ? ಅರುವತ್ತು ದಾಟಿದವರ ಹಲ್ಲಾದರೆ ಆರೋಪಿ ಪರ ವಕೀಲರ ಮೊದಲ ಪ್ರಶ್ನೆ ಒಸಡಿನ ಬಗ್ಗೆಯೇ: ಹಲ್ಲು ಮೊದಲೇ ಅಲ್ಲಾಡುತ್ತಿತ್ತಲ್ಲವೇ ಡಾಕ್ಟ್ರೇ? ಉತ್ತರ ಸ್ವಲ್ಪ ತಡವರಿಸಿದರೂ 7 ವರ್ಷದ ಕೇಸು 1 ವರ್ಷದ್ದಾಗಿ ಇಳಿಯಬಹುದು. ಹದಿನೈದು ದಿನ ಅಡ್ಮಿಟ್ ಆದರೆ ತೀವ್ರ ಗಾಯ ಎಂಬ ನಂಬಿಕೆಯೂ ಊರಲ್ಲಿದೆ. ಮಂಚದ ಲೆಕ್ಕ ಸಾಲದು. ಅಷ್ಟು ದಿನ ವಿಪರೀತ ನೋವಿತ್ತು ಅಥವಾ ನಿತ್ಯದ ಕೆಲಸ ಮಾಡಲಾಗಲಿಲ್ಲ ಎಂಬುದು ಸಾಬೀತಾಗಬೇಕು.

ಕೈಯಲ್ಲಿ ಕತ್ತಿ ಇತ್ತೆಂದರೆ ಶಿಕ್ಷೆ ಒಂದು ಮೆಟ್ಟಿಲು ಮೇಲೇರುತ್ತದೆ. ಸಾದಾ ಗಾಯಕ್ಕೇ 3 ವರ್ಷದವರೆಗೆ. ತೀವ್ರ ಗಾಯಕ್ಕೆ ಕನಿಷ್ಠ 1, ಗರಿಷ್ಠ ಜೀವಾವಧಿ. 109ರ ದಾರಿಯೇ ಬೇರೆ. ಅಲ್ಲಿ ಕೊಲ್ಲುವ ಉದ್ದೇಶ, ಇಲ್ಲವೇ ಸಾವು ಬರಬಹುದೆಂಬ ಅರಿವು ಮುಖ್ಯ. ಗುರಿ ತಪ್ಪಿ ಗೀರೂ ಆಗದಿದ್ದರೂ ಅದು ನಿಲ್ಲಬಹುದು, ಹತ್ತು ಹೊಲಿಗೆ ಹಾಕಿಸಿಕೊಂಡರೂ ಆ ಕಲಂ ಬಿದ್ದುಹೋಗಬಹುದು.

ಪೇಪರಿನಲ್ಲಿ ಓದುವ '7 ವರ್ಷ' ಮೇಲ್ಮಿತಿ ಅಷ್ಟೇ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 3 ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವಂತಿಲ್ಲ. ಹೆಚ್ಚು ಬೇಕೆನಿಸಿದರೆ ಅವರು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ದೊಡ್ಡ ಕಲಂಗೆ ಹಟ ಹಿಡಿಯುವವರಿಗೆ ನಾನು ಇನ್ನೊಂದನ್ನೂ ಹೇಳುತ್ತೇನೆ. ನೆರೆಕರೆಯ ಜಗಳಗಳು ಬಹಳಷ್ಟು ಸಲ ಒಂದೆರಡು ವರ್ಷದಲ್ಲಿ ತಣ್ಣಗಾಗುತ್ತವೆ. ಕುಟುಂಬದ ದೈವದ ಕೋಲಕ್ಕೆ ಎರಡೂ ಮನೆಯವರು ಸೇರಲೇಬೇಕು. 115(2) ಇದ್ದರೆ ಗಾಯಗೊಂಡವರೇ ರಾಜಿ ಮಾಡಿಕೊಳ್ಳಬಹುದು, 117(2)ಕ್ಕೆ ಕೋರ್ಟಿನ ಅನುಮತಿ ಬೇಕು. 109 ರಾಜಿಯಾಗುವ ಕಲಂ ಅಲ್ಲ. ಕೇಸು ರದ್ದು ಮಾಡಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಬೇಕು, ಅಲ್ಲಿ ಒಪ್ಪುತ್ತಾರೆಂಬ ಖಾತ್ರಿಯೂ ಇಲ್ಲ.