ಪ್ಲೇಟ್‌ಲೆಟ್ ವೆಸಿಕಲ್ ಅಂದ್ರೆ ಏನು?

ಮೊನ್ನೆ ನಮ್ಮ ದೊಡ್ಡಮ್ಮ ಮೊಬೈಲ್ ಹಿಡ್ಕೊಂಡು ಬಂದು "ಎಕ್ಸೋಸೋಮ್ ಇಂಜೆಕ್ಷನ್ ಅಂತ ಬಂದೈತಂತೆ, ರಕ್ತದಾಗಿಂದ ತೆಗೀತಾರಂತೆ, ಮಂಡಿ ನೋವು ಹೋಗುತ್ತಂತೆ, ಮಾಡಿಸ್ಲೇನೋ" ಅಂದ್ರು. ಅದಕ್ಕೇ ಇವತ್ತು ಈ ಪದ.

ಮೊದ್ಲು ಪ್ಲೇಟ್‌ಲೆಟ್. ದಾವಣಗೆರೇಲಿ ಡೆಂಗ್ಯೂ ಸೀಸನ್ ಬಂತು ಅಂದ್ರೆ "ಬಿಳಿ ರಕ್ತಕಣ ಎಷ್ಟಕ್ಕಿಳೀತು" ಅಂತ ಕೇಳ್ತೀವಲ್ಲ, ಅದು ಬಿಳಿ ರಕ್ತಕಣ ಅಲ್ಲ ನೋಡ್ರಿ, ಪ್ಲೇಟ್‌ಲೆಟ್. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರ್ತಾವೆ, ಗಾಯ ಆದಾಗ ರಕ್ತ ನಿಲ್ಸೋದು ಇವೇ, ಆಯಸ್ಸು 8-10 ದಿನ ಅಷ್ಟೇ.

ಈ ಪ್ಲೇಟ್‌ಲೆಟ್ ಚುರುಕಾದಾಗ ಅದರ ಮೈಯಿಂದ ಸಣ್ಣ ಸಣ್ಣ ಚೂರು ಉದುರ್ತಾವೆ, ಇವೇ ಪ್ಲೇಟ್‌ಲೆಟ್ ವೆಸಿಕಲ್. ಪ್ಲೇಟ್‌ಲೆಟ್ಟೇ 2-3 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಇವು ಒಂದು ಮೈಕ್ರಾನ್‌ಗಿಂತ್ಲೂ ಸಣ್ಣವು, ಅದರಲ್ಲೂ ತೀರಾ ಸಣ್ಣವಕ್ಕೆ ಎಕ್ಸೋಸೋಮ್ ಅಂತಾರೆ. 1967ರಲ್ಲಿ ಪೀಟರ್ ವುಲ್ಫ್ ಅನ್ನೋರು ಇವುಗಳನ್ನ ಪ್ಲೇಟ್‌ಲೆಟ್ ಡಸ್ಟ್ ಅಂತ ಕರೆದ್ರು, ಧೂಳು! ಮಂಡಕ್ಕಿ ಚೀಲದ ತಳದಲ್ಲಿ ಪುಡಿ ಉಳಿಯುತ್ತಲ್ಲ, ಹಂಗೆ. ಆದ್ರೆ ಆ ಪುಡೀಲಿ ಏನೂ ಇರಲ್ಲ, ಇಲ್ಲಿ ಒಂದೊಂದು ಚೂರೂ ಬಾಯಿ ಕಟ್ಟಿದ ಚೀಲ, ಒಳಗೆ ಪ್ರೋಟೀನು, ಆರ್‌ಎನ್‌ಎ, ಹೊಸ ಚರ್ಮ ಹೊಸ ರಕ್ತನಾಳ ಬೆಳೆಯೋಕೆ ಬೇಕಾದ ಗ್ರೋತ್ ಫ್ಯಾಕ್ಟರ್ ಎಲ್ಲ ತುಂಬಿರುತ್ತೆ.

ಅದಕ್ಕೇ ಇದನ್ನ ಔಷಧಿ ಮಾಡೋಣ ಅಂತ ಹೊರಟಿರೋದು. ಶುಗರ್‌ನೋರ ಕಾಲಿನ ಹುಣ್ಣು ಒಣಗಿಸೋಕೆ, ಸವೆದ ಮಂಡಿಗೆ, ಇನ್ನು ಕೆಲವರು ಈ ಚೀಲಕ್ಕೆ ಡಾಕ್ಸೋರುಬಿಸಿನ್ ಥರದ ಕ್ಯಾನ್ಸರ್ ಔಷಧಿ ತುಂಬಿ ಲ್ಯಾಬಲ್ಲಿ ನೋಡಿದಾರೆ. ನಂಗೆ ಹಿಡಿಸಿದ್ದು ಬೇರೆ ವಿಷಯ. ಬ್ಲಡ್ ಬ್ಯಾಂಕಲ್ಲಿ ತಿಳಿ ಹಳದಿ ಬಣ್ಣದ ಪ್ಲೇಟ್‌ಲೆಟ್ ಬ್ಯಾಗುಗಳು ಒಂದು ಮೆಷೀನ್ ಮೇಲೆ ತೊಟ್ಟಿಲು ತೂಗಿದಂಗೆ ಅಲ್ಲಾಡ್ತಾ ಇರ್ತಾವೆ, 22 ಡಿಗ್ರಿ ಆಸುಪಾಸಲ್ಲಿ ಸಾಮಾನ್ಯವಾಗಿ 5 ದಿನ ಇಡ್ತಾರೆ, ಆಮೇಲೆ ರೋಗಿಗೆ ಕೊಡಂಗಿಲ್ಲ. ಅಂಥ ಬ್ಯಾಗಿಂದ್ಲೇ ವೆಸಿಕಲ್ ತೆಗೆದು ಫ್ರೀಜ್ ಮಾಡಿ ಇಟ್ಕೋಬಹುದಾ ಅಂತ ನೋಡ್ತಿದಾರೆ, ಇವು ಜೀವಕೋಶ ಅಲ್ವಲ್ಲ, ಸಾಯೋ ಪ್ರಶ್ನೆನೇ ಇಲ್ಲ. ಮೂಳೆ ಡಾಕ್ಟ್ರು ಕೊಡೋ ಪಿಆರ್‌ಪಿ, ಅಂದ್ರೆ ನಮ್ದೇ ರಕ್ತ ಮೆಷೀನಲ್ಲಿ ಗಿರಗಿರ ತಿರುಗಿಸಿ ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗ ಚುಚ್ಚೋದು, ಅದ್ರಲ್ಲೂ ಇವು ಇರ್ತಾವೆ.

ಆದ್ರೆ ಇವು ರಕ್ತ ಹೆಪ್ಪುಗಟ್ಟಿಸ್ತಾವೆ, ಬೇಡದ ಕಡೆ ಹೆಪ್ಪುಗಟ್ಟಿದ್ರೆ ಕಷ್ಟ. ರುಮಟಾಯ್ಡ್ ಕೀಲುವಾತದಲ್ಲಿ ಉರಿಯೂತ ಜಾಸ್ತಿ ಮಾಡೋದೂ ಇವೇ ಅಂತ 2010ರಲ್ಲೇ ಗೊತ್ತಾಗೈತೆ. 2019ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ, ನಾವು ಯಾವ ಎಕ್ಸೋಸೋಮ್ ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ ಅಂತ ಎಚ್ಚರಿಕೆನೂ ಕೊಡ್ತು.

ದೊಡ್ಡಮ್ಮಂಗೆ "ಯಾರ ರಕ್ತದ್ದು, ಎಲ್ಲಿ ತೆಗೆದಿದ್ದು, ಫೋನ್ ಮಾಡಿ ಕೇಳು" ಅಂದೆ. ಕೇಳಿದ್ರಂತೆ. "ಹೊರಗಿಂದ ತರಿಸ್ತೀವಿ, ನೀವು ಮೊದ್ಲು ಅಡ್ವಾನ್ಸ್ ಹಾಕಿ" ಅಂದ್ರಂತೆ. ಸದ್ಯ ಎಳ್ಳೆಣ್ಣೆ ಹಚ್ಕೊಂಡು ಕೂತಿದಾರೆ.